ಚಿಂಚೋಳಿಯಿಂದ ವಿಧಾನಸೌಧದವರೆಗೆ: ವೀರೇಂದ್ರ ಪಾಟೀಲರ ಬದುಕು

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಅನೇಕರ ಮೂಲ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳಲ್ಲಿದೆ. ನಮ್ಮ ಹಿರಿಯರ ಪಾಲಿಗೆ ಈ ನಗರವು ಪರ ಊರಾಗಿರಲಿಲ್ಲ, ರಾಜಧಾನಿಯಾಗಿತ್ತು. ಓದು, ನೌಕರಿ, ಕೋರ್ಟು, ಆಸ್ಪತ್ರೆ ಎಲ್ಲಕ್ಕೂ ಅವರು ಇಲ್ಲಿಗೇ ಬರುತ್ತಿದ್ದರು. 1956ರಲ್ಲಿ ಗಡಿ ಬದಲಾದ ನಂತರ ಅವರ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದವು, ಇಲ್ಲಿ ನೆಲೆಯೂರಿದವರು ಇಲ್ಲಿಯೇ ಉಳಿದರು. ಅದೇ ನೆಲದಿಂದ ಬಂದು, ಇದೇ ನಗರದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಎರಡು ಬಾರಿ ನಮ್ಮ ತಾಯ್ನಾಡಿನ ಮುಖ್ಯಮಂತ್ರಿಯಾದವರು ವೀರೇಂದ್ರ ಪಾಟೀಲರು. ಹೈದರಾಬಾದ್ ಕರ್ನಾಟಕ ಪ್ರದೇಶದಿಂದ ಆ ಸ್ಥಾನಕ್ಕೇರಿದ ಮೊದಲಿಗರು ಅವರೇ. ನಮ್ಮ ಮಕ್ಕಳಲ್ಲಿ ಬಹಳ ಮಂದಿಗೆ ಅವರ ಹೆಸರು ತಿಳಿಯದು. ತಿಳಿದವರಿಗೂ 1990ರಲ್ಲಿ ಅವರನ್ನು ಅಧಿಕಾರದಿಂದ ಇಳಿಸಿದ ರೀತಿ ಮಾತ್ರ ನೆನಪಿನಲ್ಲಿದೆ. ಅದಕ್ಕೂ ಹಿಂದೆ, 1969ರಲ್ಲಿ ಅವರ ಪಕ್ಷವು ಎರಡಾಗಿ ಒಡೆದು, ಸೋತ ಬಣದಲ್ಲಿ ಅವರು ನಿಂತ ಕಥೆ ಇನ್ನೂ ಹೆಚ್ಚು ವಿಚಾರಕ್ಕೆ ಯೋಗ್ಯವಾದುದು. ಆ ಬದುಕನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ವೀರೇಂದ್ರ ಪಾಟೀಲರು ಜನಿಸಿದ್ದು 1924ರ ಫೆಬ್ರವರಿ 28ರಂದು, ಚಿಂಚೋಳಿಯಲ್ಲಿ. ಇಂದು ಕಲಬುರಗಿ ಜಿಲ್ಲೆಗೆ ಸೇರಿರುವ ಈ ತಾಲ್ಲೂಕು ತೆಲಂಗಾಣದ ತಾಂಡೂರಿಗೆ ನೆರೆಯಲ್ಲಿದೆ. ಮುಲ್ಲಾಮಾರಿ ನದಿ, ಕೊಂಚಾವರದ ಕಾಡು, ತೊಗರಿ ಬೆಳೆಯುವ ಹೊಲಗಳ ಈ ಸೀಮೆಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಭಾಷೆಗಳು ಕಿವಿಗೆ ಬೀಳುತ್ತವೆ. ಪಾಟೀಲರ ಬಾಲ್ಯದಲ್ಲಿ ಅದು ನಿಜಾಮರ ಸಂಸ್ಥಾನ. ಆಡಳಿತವೂ ಉನ್ನತ ಶಿಕ್ಷಣವೂ ಉರ್ದುವಿನಲ್ಲಿ ನಡೆಯುತ್ತಿದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದು ಮಾಧ್ಯಮದಲ್ಲಿಯೇ ಪದವಿ ಶಿಕ್ಷಣ ನೀಡುತ್ತಿತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು ಎಂಬ ಎರಡು ಲೋಕಗಳ ನಡುವೆ ಬೆಳೆದ ಆ ಪೀಳಿಗೆಯ ಅನೇಕರಂತೆ ಪಾಟೀಲರೂ ಹೈದರಾಬಾದಿಗೆ ಬಂದು ಕಲಾ ಪದವಿಯನ್ನೂ ಕಾನೂನು ಪದವಿಯನ್ನೂ ಪಡೆದರು.

ಅವರ ಯೌವನದ ದಿನಗಳು ಶಾಂತವಾಗಿರಲಿಲ್ಲ. 1938ರಲ್ಲಿ ರೂಪುಗೊಂಡ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಿಜಾಮರ ಸರಕಾರವು ಹುಟ್ಟುವ ಮೊದಲೇ ನಿಷೇಧಿಸಿತ್ತು. ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದಲ್ಲಿ ಅದು ಹೋರಾಟ ಮುಂದುವರಿಸಿತು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಭಾಗಕ್ಕೆ ಬರಲಿಲ್ಲ. ರಜಾಕಾರರ ಹಾವಳಿಯಿಂದ ಊರು ಬಿಟ್ಟವರ ಕಥೆಗಳನ್ನು ನಮ್ಮ ಮನೆಗಳಲ್ಲಿ ಹಿರಿಯರಿಂದ ಕೇಳಿಯೇ ನಾವು ಬೆಳೆದಿದ್ದೇವೆ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನಾ ಕಾರ್ಯಾಚರಣೆ ನಡೆದು ಸಂಸ್ಥಾನವು ವಿಲೀನವಾದಾಗ ಪಾಟೀಲರಿಗೆ 24 ವರ್ಷ. ಪ್ರಜಾಪ್ರಭುತ್ವವೆಂಬುದು ಅವರ ತಲೆಮಾರಿಗೆ ಪುಸ್ತಕದ ಪಾಠವಾಗಿರಲಿಲ್ಲ, ಕಣ್ಣೆದುರು ಬಂದ ಹೊಸ ವ್ಯವಸ್ಥೆಯಾಗಿತ್ತು. ಆ ವ್ಯವಸ್ಥೆಯನ್ನು ತಂದ ಪಕ್ಷವೆಂದರೆ ಅವರಿಗೆ ಕಾಂಗ್ರೆಸ್. ಮುಂದೆ ಅದೇ ಪಕ್ಷವು ಒಡೆದಾಗ ಅವರಂಥವರಿಗೆ ಆದ ನೋವನ್ನು ಈ ಹಿನ್ನೆಲೆಯಿಲ್ಲದೆ ಅರ್ಥ ಮಾಡಿಕೊಳ್ಳಲಾಗದು.

1956ರ ನವೆಂಬರ್ 1ರಂದು ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಪ್ರದೇಶವು ಮೈಸೂರು ರಾಜ್ಯವನ್ನು ಸೇರಿತು. ಮರುವರ್ಷ ನಡೆದ ಚುನಾವಣೆಯಲ್ಲಿ ಚಿಂಚೋಳಿಯಿಂದ ಪಾಟೀಲರು ಶಾಸಕರಾಗಿ ಆಯ್ಕೆಯಾದರು. ಏಕೀಕರಣದ ಮುಂದಾಳು ಎಸ್. ನಿಜಲಿಂಗಪ್ಪನವರು ಅಂದಿನ ಮುಖ್ಯಮಂತ್ರಿ. ಹೊಸದಾಗಿ ಸೇರಿದ ಪ್ರದೇಶದಿಂದ ಬಂದ, ಕಾನೂನು ಓದಿದ ಈ ತರುಣನನ್ನು ಅವರು ಗುರುತಿಸಿ ಉಪಮಂತ್ರಿಯ ಸ್ಥಾನ ನೀಡಿದರು. ಅಂದಿನಿಂದ ಪಾಟೀಲರು ನಿಜಲಿಂಗಪ್ಪನವರ ಬಳಗದವರಾದರು. ಅದೇ ಬಳಗದಲ್ಲಿದ್ದ ಇನ್ನೊಬ್ಬ ಯುವ ನಾಯಕರು ಉತ್ತರ ಕನ್ನಡದ ರಾಮಕೃಷ್ಣ ಹೆಗಡೆಯವರು. ಇಬ್ಬರ ಗೆಳೆತನವನ್ನೂ ಗುರುಭಕ್ತಿಯನ್ನೂ ಕಂಡ ಜನರು ಅವರನ್ನು ನಿಜಲಿಂಗಪ್ಪನವರ ಲವ ಕುಶರೆಂದು ಕರೆಯತೊಡಗಿದರು. ಆ ಹೆಸರು ಬಹುಕಾಲ ಉಳಿಯಿತು.

1968ರಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ದೆಹಲಿಯ ಹೊಣೆಯನ್ನು ಹೊತ್ತರು. ಮುಖ್ಯಮಂತ್ರಿ ಸ್ಥಾನ ತೆರವಾಯಿತು. ಆ ವರ್ಷದ ಮೇ 29ರಂದು ಪಾಟೀಲರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ಅಧಿಕಾರ ಸ್ವೀಕರಿಸಿದರು. ಆಗ ಅವರ ವಯಸ್ಸು 44. ಹನ್ನೆರಡು ವರ್ಷಗಳ ಹಿಂದೆಯಷ್ಟೇ ಬೇರೊಂದು ರಾಜ್ಯದಲ್ಲಿದ್ದ ತಾಲ್ಲೂಕಿನವರೊಬ್ಬರು ವಿಧಾನಸೌಧದ ಮುಖ್ಯ ಕುರ್ಚಿಯಲ್ಲಿ ಕುಳಿತಿದ್ದು ಏಕೀಕರಣಕ್ಕೆ ಸಂದ ಗೌರವವೆಂದೇ ನಮ್ಮ ಭಾಗದ ಜನ ಭಾವಿಸಿದರು. ರಾಮಕೃಷ್ಣ ಹೆಗಡೆಯವರು ಅವರ ಸಂಪುಟದಲ್ಲಿ ಹಣಕಾಸು ಖಾತೆಯನ್ನು ನಿರ್ವಹಿಸಿದರು.

ಪಾಟೀಲರ ಆಡಳಿತದ ಅವಧಿ ಮೂರು ವರ್ಷವನ್ನೂ ಮುಟ್ಟಲಿಲ್ಲ. ಆದರೂ ಆ ಅವಧಿಯಲ್ಲಿ ನಡೆದ ಎರಡು ಬೆಳವಣಿಗೆಗಳನ್ನು ಇಲ್ಲಿ ಸ್ಮರಿಸಬೇಕು. ವಿದ್ಯುತ್ ಉತ್ಪಾದನೆಗೆಂದೇ ಪ್ರತ್ಯೇಕವಾದ ಮೈಸೂರು ವಿದ್ಯುತ್ ನಿಗಮವು 1970ರಲ್ಲಿ ಸ್ಥಾಪನೆಯಾಯಿತು. ಇಂದಿನ ಕರ್ನಾಟಕ ವಿದ್ಯುತ್ ನಿಗಮದ ಮೂಲ ಅದೇ. 1969ರಲ್ಲಿ ಕೃಷ್ಣಾ ಜಲ ವಿವಾದದ ವಿಚಾರಣೆಗಾಗಿ ನ್ಯಾಯಮೂರ್ತಿ ಬಚಾವತ್ ಅವರ ಅಧ್ಯಕ್ಷತೆಯಲ್ಲಿ ನ್ಯಾಯಾಧಿಕರಣ ರಚನೆಯಾಯಿತು. ಮೈಸೂರು, ಆಂಧ್ರಪ್ರದೇಶ, ಮಹಾರಾಷ್ಟ್ರಗಳು ಅದರ ಮುಂದೆ ತಮ್ಮ ವಾದಗಳನ್ನು ಮಂಡಿಸಿದವು. ನದಿಯ ಒಂದು ದಡದಲ್ಲಿ ಹುಟ್ಟಿ ಇನ್ನೊಂದು ದಡದ ನಗರದಲ್ಲಿ ಬದುಕುವ ನಮ್ಮಂಥವರಿಗೆ ಆ ವಿವಾದದ ಎರಡೂ ಮುಖಗಳು ಪರಿಚಿತವೇ.

ಈ ನಡುವೆ ರಾಷ್ಟ್ರದ ರಾಜಕೀಯದಲ್ಲಿ ಬಿರುಗಾಳಿ ಎದ್ದಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೂ, ಸಿಂಡಿಕೇಟ್ ಎಂದು ಹೆಸರಾದ ಪಕ್ಷದ ಹಿರಿಯರಿಗೂ ನಡುವೆ ಇದ್ದ ಭಿನ್ನಾಭಿಪ್ರಾಯವು 1969ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಕಾಂಗ್ರೆಸ್ ಮಹಾಸಮಿತಿಯ ಅಧಿವೇಶನದಲ್ಲಿ ಬಯಲಿಗೆ ಬಂದಿತು. ಅಧ್ಯಕ್ಷರು ನಿಜಲಿಂಗಪ್ಪನವರು, ಆತಿಥೇಯ ರಾಜ್ಯದ ಮುಖ್ಯಮಂತ್ರಿ ಪಾಟೀಲರು. ರಾಷ್ಟ್ರಪತಿ ಚುನಾವಣೆಗೆ ಪಕ್ಷದ ಅಭ್ಯರ್ಥಿಯಾಗಿ ಹಿರಿಯರು ಆರಿಸಿದ್ದು ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ ನೀಲಂ ಸಂಜೀವ ರೆಡ್ಡಿಯವರನ್ನು. ಕೆಲವೇ ದಿನಗಳಲ್ಲಿ ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂಪಡೆದ ಪ್ರಧಾನಿಯವರು ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿದರು. ಬ್ಯಾಂಕಿನ ಕೆಲಸದಲ್ಲಿ ಜೀವನ ಸವೆಸಿದ ನಮಗೆ ಆ ದಿನಾಂಕ ಚಿರಪರಿಚಿತ. ಕರಾವಳಿ ಕರ್ನಾಟಕದಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳೂ ಆ 14ರಲ್ಲಿ ಇದ್ದವು. ಹಳ್ಳಿಯ ರೈತನಿಗೂ ಸಣ್ಣ ಅಂಗಡಿಯವನಿಗೂ ಬ್ಯಾಂಕಿನ ಬಾಗಿಲು ತೆರೆಯುತ್ತದೆಂಬ ಭರವಸೆಯನ್ನು ಆ ಒಂದು ನಿರ್ಧಾರವು ಹುಟ್ಟಿಸಿತು. ಪಕ್ಷದೊಳಗಿನ ಜಗಳವು ಸಾಮಾನ್ಯ ಜನರ ಕಣ್ಣಿಗೆ ಬಡವರ ಪರ ಮತ್ತು ಬಡವರ ವಿರುದ್ಧ ಎಂಬ ಜಗಳವಾಗಿ ಕಾಣತೊಡಗಿದ್ದು ಆಗಲೇ.

ಆಗಸ್ಟಿನಲ್ಲಿ ಸಂಜೀವ ರೆಡ್ಡಿಯವರು ಸೋತು ವಿ.ವಿ. ಗಿರಿಯವರು ರಾಷ್ಟ್ರಪತಿಗಳಾದರು. ನವೆಂಬರ್ 12ರಂದು ನಿಜಲಿಂಗಪ್ಪನವರ ನೇತೃತ್ವದ ಪಕ್ಷವು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿತು. ಕಾಂಗ್ರೆಸ್ ಎರಡಾಯಿತು. ನಿಜಲಿಂಗಪ್ಪನವರದು ಸಂಸ್ಥಾ ಕಾಂಗ್ರೆಸ್ ಎಂದೂ ಇಂದಿರಾ ಅವರದು ಆಡಳಿತ ಕಾಂಗ್ರೆಸ್ ಎಂದೂ ಹೆಸರಾದವು. ಜೋಡೆತ್ತಿನ ಗುರುತು ಇಬ್ಬರಿಗೂ ಇಲ್ಲವಾಯಿತು. ಮುಂದಿನ ಚುನಾವಣೆಯಲ್ಲಿ ಆಡಳಿತ ಕಾಂಗ್ರೆಸ್ಸಿಗೆ ಹಸು ಕರುವಿನ ಚಿಹ್ನೆಯೂ ಸಂಸ್ಥಾ ಕಾಂಗ್ರೆಸ್ಸಿಗೆ ಚರಕದಲ್ಲಿ ನೂಲುವ ಮಹಿಳೆಯ ಚಿಹ್ನೆಯೂ ದೊರೆತವು.

ಪಾಟೀಲರ ಮುಂದೆ ಆಗ ಎರಡು ದಾರಿಗಳಿದ್ದವು. ಕೇಂದ್ರದಲ್ಲಿ ಅಧಿಕಾರವಿದ್ದ ಕಡೆಗೆ ಹೋಗಬಹುದಿತ್ತು. ದೇಶದ ಬಹುತೇಕ ಕಾಂಗ್ರೆಸ್ ಮುಖ್ಯಮಂತ್ರಿಗಳು ಹಾಗೆಯೇ ಮಾಡಿದರು. ಇಲ್ಲವೇ ತಮ್ಮನ್ನು ಬೆಳೆಸಿದ ಗುರುವಿನ ಜೊತೆ ನಿಲ್ಲಬಹುದಿತ್ತು. ಅವರು ಎರಡನೆಯದನ್ನು ಆರಿಸಿಕೊಂಡರು. ರಾಜ್ಯದ ಕಾಂಗ್ರೆಸ್ ಶಾಸಕರಲ್ಲಿ ಹೆಚ್ಚಿನವರು ಆಗ ಅವರ ಜೊತೆಗೇ ಉಳಿದರು. ದೇಶದಲ್ಲಿ ಸಂಸ್ಥಾ ಕಾಂಗ್ರೆಸ್ ಸರಕಾರಗಳಾಗಿ ಉಳಿದವು ಮುಖ್ಯವಾಗಿ ಗುಜರಾತ್ ಮತ್ತು ಮೈಸೂರು. ಆದ್ದರಿಂದ ಆ ದಿನಗಳಲ್ಲಿ ಈ ನಿರ್ಧಾರವು ಸೋಲಿನ ದಾರಿಯೆಂದು ಕಂಡಿರಲಾರದು. ಅದರ ಬೆಲೆ ತಿಳಿದದ್ದು ಆಮೇಲೆ. ಇಂದಿರಾ ಅವರ ಕಡೆಗೆ ಹೋದ ಮೈಸೂರಿನ ಕೆಲವೇ ನಾಯಕರಲ್ಲಿ ಹುಣಸೂರಿನ ಡಿ. ದೇವರಾಜ ಅರಸು ಪ್ರಮುಖರು. ರಾಜ್ಯದಲ್ಲಿ ಆಡಳಿತ ಕಾಂಗ್ರೆಸ್ಸನ್ನು ಬುಡದಿಂದ ಕಟ್ಟುವ ಕೆಲಸ ಅವರದಾಯಿತು.

1971ರ ಮಾರ್ಚ್ ತಿಂಗಳಲ್ಲಿ ಅವಧಿಗೆ ಮುನ್ನವೇ ಲೋಕಸಭಾ ಚುನಾವಣೆ ನಡೆಯಿತು. ಬಡತನ ನಿರ್ಮೂಲನದ ಘೋಷಣೆಯ ಮುಂದೆ ಹಳೆಯ ಸಂಘಟನೆಯ ಬಲ ನಿಲ್ಲಲಿಲ್ಲ. ಸಂಸ್ಥಾ ಕಾಂಗ್ರೆಸ್ ಸರಕಾರವೇ ಇದ್ದ ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳಲ್ಲಿ 27ನ್ನೂ ಇಂದಿರಾ ಅವರ ಪಕ್ಷವು ಗೆದ್ದಿತು. ಫಲಿತಾಂಶ ಬಂದೊಡನೆ ಶಾಸಕರು ಒಬ್ಬೊಬ್ಬರಾಗಿ, ಗುಂಪುಗುಂಪಾಗಿ ಆ ಕಡೆಗೆ ನಡೆದರು. ನಿನ್ನೆಯವರೆಗೆ ಜೊತೆಯಲ್ಲಿದ್ದವರು ಇಂದು ಎದುರು ಸಾಲಿನಲ್ಲಿ ಕುಳಿತರು. ಬಹುಮತ ಕರಗಿತು. ಮಾರ್ಚ್ 18ರಂದು ಪಾಟೀಲರು ಅಧಿಕಾರದಿಂದ ಇಳಿದರು. ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದು ಸುಮಾರು ಒಂದು ವರ್ಷ ಮುಂದುವರಿಯಿತು.

ಅದೇ ವರ್ಷ ಪೂರ್ವ ಪಾಕಿಸ್ತಾನದಿಂದ ಕೋಟಿಯಷ್ಟು ನಿರಾಶ್ರಿತರು ಭಾರತಕ್ಕೆ ಬಂದರು. ಡಿಸೆಂಬರ್ 3ರಂದು ಯುದ್ಧ ಆರಂಭವಾಗಿ ಅಂದೇ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಗಿ ಬಾಂಗ್ಲಾದೇಶ ಸ್ವತಂತ್ರವಾಯಿತು. ಸೆರೆಯಾದವರ ಸಂಖ್ಯೆ 93 ಸಾವಿರ. ಇದಾದ ಮೂರೇ ತಿಂಗಳಲ್ಲಿ, 1972ರ ಮಾರ್ಚ್ ತಿಂಗಳಲ್ಲಿ, ಮೈಸೂರು ರಾಜ್ಯದ 216 ವಿಧಾನಸಭಾ ಸ್ಥಾನಗಳಿಗೆ ಚುನಾವಣೆ ನಡೆಯಿತು. ಕದನ ನಿಂತಿತ್ತು, ಒಪ್ಪಂದವಾಗಿರಲಿಲ್ಲ. ಶಿಮ್ಲಾ ಒಪ್ಪಂದಕ್ಕೆ ಸಹಿ ಬಿದ್ದದ್ದು ಆ ವರ್ಷದ ಜುಲೈ ತಿಂಗಳಲ್ಲಿ. ಸೆರೆಯಾಳುಗಳು ಇನ್ನೂ ಶಿಬಿರಗಳಲ್ಲಿದ್ದರು, ತುರ್ತು ಪರಿಸ್ಥಿತಿ ಮುಂದುವರಿದಿತ್ತು.

ಇಂಥ ಸಮಯದಲ್ಲಿ ಸಂಸ್ಥಾ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಮತ ಕೇಳುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಯುದ್ಧದ ವಿಷಯದಲ್ಲಿ ಎರಡೂ ಕಾಂಗ್ರೆಸ್ಸುಗಳಿಗೆ ಭಿನ್ನಾಭಿಪ್ರಾಯವಿರಲಿಲ್ಲ. ದೇಶದ ವಿಜಯವನ್ನು ಇಬ್ಬರೂ ಕೊಂಡಾಡಿದರು. ಆದರೆ ಆ ವಿಜಯದ ಕೀರ್ತಿ ಒಬ್ಬರಿಗೆ ಮಾತ್ರ ಸಂದಿತು. ಪಕ್ಷದೊಳಗಿನ ಪ್ರಜಾಪ್ರಭುತ್ವ, ಸಾಮೂಹಿಕ ನಾಯಕತ್ವ, ಸಂಘಟನೆಯ ಶಿಸ್ತು ಎಂಬ ಮಾತುಗಳು ಶಾಂತಿಯ ಕಾಲದಲ್ಲಿ ಕೇಳುಗರನ್ನು ಪಡೆಯುತ್ತಿದ್ದವೋ ಏನೋ. ಗೆದ್ದ ಯುದ್ಧದ ನಂತರದ ಚುನಾವಣೆಯಲ್ಲಿ ಅವುಗಳಿಗೆ ಕಿವಿಗೊಡುವವರು ಕಡಿಮೆ. ಮತದಾರರು ತಮ್ಮ ಊರಿನ ಅಭ್ಯರ್ಥಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ದೆಹಲಿಯ ನಾಯಕಿಯನ್ನು ನೋಡಿ ಮತ ಹಾಕಿದರು.

ಎರಡು ಪಕ್ಷಗಳ ಅಭ್ಯರ್ಥಿಗಳ ಪಟ್ಟಿಗಳೂ ಭಿನ್ನವಾಗಿದ್ದವು. ಹಳೆಯ ಕಾಂಗ್ರೆಸ್ಸಿನ ಪ್ರಭಾವಿ ಮನೆತನಗಳೂ ಅನುಭವಿ ಮುಖಂಡರೂ ಬಹುಪಾಲು ನಿಜಲಿಂಗಪ್ಪ, ಪಾಟೀಲ, ಹೆಗಡೆಯವರ ಜೊತೆಗಿದ್ದರು. ಹೀಗಾಗಿ ಅರಸು ಅವರಿಗೆ ಹೊಸಬರನ್ನು ಹುಡುಕುವುದು ಅನಿವಾರ್ಯವೂ ಆಗಿತ್ತು, ಅದೇ ಅವರ ಇಚ್ಛೆಯೂ ಆಗಿತ್ತು. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಅಲ್ಪಸಂಖ್ಯಾತ ಸಮುದಾಯಗಳ ತರುಣರಿಗೆ ಅವರು ಟಿಕೆಟ್ ಹಂಚಿದರು. ನಮ್ಮ ಭಾಗದಲ್ಲಿಯೇ ಎರಡು ಉದಾಹರಣೆಗಳಿವೆ. ಗುರುಮಿಠಕಲ್ ಕ್ಷೇತ್ರದಿಂದ 29 ವರ್ಷದ ವಕೀಲ ಮಲ್ಲಿಕಾರ್ಜುನ ಖರ್ಗೆಯವರೂ, ಜೇವರ್ಗಿ ಕ್ಷೇತ್ರದಿಂದ ಪಾಟೀಲರಂತೆಯೇ ಉಸ್ಮಾನಿಯಾದಲ್ಲಿ ಓದಿದ್ದ 35 ವರ್ಷದ ಧರ್ಮಸಿಂಗ್ ಅವರೂ ಮೊದಲ ಬಾರಿಗೆ ಗೆದ್ದು ವಿಧಾನಸಭೆಗೆ ಬಂದರು. ಕಾರ್ಕಳದಿಂದ ಎಂ. ವೀರಪ್ಪ ಮೊಯಿಲಿಯವರೂ ಅದೇ ಚುನಾವಣೆಯಲ್ಲಿ ಗೆದ್ದರು. ಸ್ವತಃ ಅರಸು ಅವರು ಕಣದಲ್ಲಿರಲಿಲ್ಲ. ಮುಖ್ಯಮಂತ್ರಿಯಾದ ಮೇಲೆ ಉಪಚುನಾವಣೆಯಲ್ಲಿ ಗೆದ್ದು ಸದನಕ್ಕೆ ಬಂದರು.

ಆಡಳಿತ ಕಾಂಗ್ರೆಸ್ಸಿಗೆ 165 ಸ್ಥಾನಗಳು ದೊರೆತವು. ಸಂಸ್ಥಾ ಕಾಂಗ್ರೆಸ್ಸಿಗೆ ದಕ್ಕಿದ್ದು 24. ಮತಗಳ ಲೆಕ್ಕ ನೋಡಿದರೆ ಗೆದ್ದವರಿಗೆ ಅರ್ಧಕ್ಕಿಂತ ತುಸು ಹೆಚ್ಚು, ಸೋತವರಿಗೆ ಸುಮಾರು ಕಾಲುಭಾಗ. ಅಂದರೆ ನಾಲ್ವರಲ್ಲಿ ಒಬ್ಬ ಮತದಾರ ಆ ಬಿರುಗಾಳಿಯಲ್ಲಿಯೂ ನಿಜಲಿಂಗಪ್ಪ ಮತ್ತು ಪಾಟೀಲರ ಪಕ್ಷವನ್ನು ಬಿಡಲಿಲ್ಲ. ಆದರೆ ಸದನದಲ್ಲಿ ಅವರಿಗೆ ಸಿಕ್ಕಿದ್ದು ಒಂಬತ್ತರಲ್ಲಿ ಒಂದು ಪಾಲು ಮಾತ್ರ. ಆ 24 ಮಂದಿಯಲ್ಲಿ ಹೊಳೆನರಸೀಪುರದಿಂದ ಗೆದ್ದ ಎಚ್.ಡಿ. ದೇವೇಗೌಡರು ಒಬ್ಬರು. ಅವರು ವಿರೋಧ ಪಕ್ಷದ ನಾಯಕರಾದರು. ಮಾರ್ಚ್ 20ರಂದು ಅರಸು ಅವರು ಮುಖ್ಯಮಂತ್ರಿಯಾದರು. 1956ರ ನಂತರ ರಾಜ್ಯದಲ್ಲಿ ನಡೆದು ಬಂದಿದ್ದ ಅಧಿಕಾರದ ಸಾಮಾಜಿಕ ಕಟ್ಟು ಅಂದು ಬದಲಾಯಿತು. ಭೂಸುಧಾರಣೆ, ಹಾವನೂರು ಆಯೋಗ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, ಇವೆಲ್ಲವೂ ಆ ಫಲಿತಾಂಶದಿಂದ ಬಂದವು. ಪಾಟೀಲರ ಜೀವನವನ್ನು ಬರೆಯುವವರು ಇದನ್ನು ಮರೆಮಾಚಬಾರದು. ಅವರು ನಿಷ್ಠೆಯಿಂದ ನಿಂತದ್ದು ನಿಜ. ಅವರು ನಿಂತ ಪಕ್ಷವು ಬದಲಾವಣೆಯ ಹಸಿವನ್ನು ಗುರುತಿಸಲಿಲ್ಲವೆಂಬುದೂ ಅಷ್ಟೇ ನಿಜ.

ಇದೇ ಸಮಯದಲ್ಲಿ ನಮ್ಮ ಹೈದರಾಬಾದಿನ ರಾಜಕೀಯವೂ ಬೇರೆ ರೀತಿಯಲ್ಲಿ ಒಡೆದಿತ್ತು. 1969ರ ತೆಲಂಗಾಣ ಚಳವಳಿಯ ನಂತರ ತೆಲಂಗಾಣ ಪ್ರಜಾ ಸಮಿತಿಯು 1971ರ ಲೋಕಸಭಾ ಚುನಾವಣೆಯಲ್ಲಿ ಈ ಪ್ರದೇಶದ 14 ಸ್ಥಾನಗಳಲ್ಲಿ 10ನ್ನು ಗೆದ್ದಿತು. ಅದೇ ವರ್ಷ ಅದು ಕಾಂಗ್ರೆಸ್ಸಿನಲ್ಲಿ ಸೇರಿಹೋಯಿತು. ಪಿ.ವಿ. ನರಸಿಂಹರಾವ್ ಅವರು ಮುಖ್ಯಮಂತ್ರಿಯಾದರು. 1972ರ ಚುನಾವಣೆಯಲ್ಲಿ ಇಲ್ಲಿಯೂ ಕಾಂಗ್ರೆಸ್ ಭಾರಿ ಬಹುಮತ ಪಡೆಯಿತು. ಗಡಿಯ ಈಚೆಗೂ ಆಚೆಗೂ ಅಲೆ ಒಂದೇ ಆಗಿತ್ತು. ಈಚೆ ಒಡೆದವರು ಕೂಡಿಕೊಂಡು ಗೆದ್ದರು, ಆಚೆ ಒಡೆದವರಲ್ಲಿ ಒಂದು ಪಾಲಿನವರು ಕೊಚ್ಚಿಹೋದರು.

ಆ ಸೋಲಿನ ನಂತರ ಪಾಟೀಲರು ರಾಜಕೀಯ ತೊರೆಯಲಿಲ್ಲ. 1977ರಲ್ಲಿ ಸಂಸ್ಥಾ ಕಾಂಗ್ರೆಸ್ ಜನತಾ ಪಕ್ಷದಲ್ಲಿ ವಿಲೀನವಾದಾಗ ಅವರೂ ಹೆಗಡೆಯವರೂ ಆ ಪಕ್ಷದಲ್ಲಿದ್ದರು. ಕೇಂದ್ರದಲ್ಲಿ ಜನತಾ ಸರಕಾರ ಬಂದರೂ ಕರ್ನಾಟಕವು ಇಂದಿರಾ ಅವರ ಕೈಬಿಡಲಿಲ್ಲ. 1978ರ ವಿಧಾನಸಭಾ ಚುನಾವಣೆಯಲ್ಲಿ ಅರಸು ಅವರು ಮತ್ತೆ ಗೆದ್ದರು. ಅದೇ ವರ್ಷದ ನವೆಂಬರಿನಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆ ನಡೆಯಿತು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಆ ಸ್ಥಾನಕ್ಕೆ ಇಂದಿರಾ ಗಾಂಧಿಯವರೇ ಅಭ್ಯರ್ಥಿ. ಅವರ ಎದುರು ನಿಲ್ಲಲು ಜನತಾ ಪಕ್ಷವು ಆರಿಸಿದ್ದು ವೀರೇಂದ್ರ ಪಾಟೀಲರನ್ನು. ಬಯಲು ಸೀಮೆಯ ಪಾಟೀಲರಿಗೆ ಕಾಫಿ ತೋಟಗಳ ಆ ಮಲೆನಾಡು ಪರಿಚಿತ ನೆಲವಾಗಿರಲಿಲ್ಲ. ದೇಶವಿದೇಶಗಳ ಪತ್ರಕರ್ತರು ಬಂದು ಬೀಡುಬಿಟ್ಟ ಆ ಚುನಾವಣೆಯಲ್ಲಿ ಪಾಟೀಲರು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. 1969ರ ಒಡಕಿನ ಲೆಕ್ಕವು ಅಲ್ಲಿಗೆ ಚುಕ್ತವಾಯಿತೆಂದು ಹೇಳಬಹುದು.

ಅದಾದ ಸ್ವಲ್ಪ ಕಾಲದಲ್ಲಿಯೇ ಕಾಣಿಸಿದ ತಿರುವು ಅನೇಕರನ್ನು ಬೆರಗುಗೊಳಿಸಿತು. 1979ರಲ್ಲಿ ಅರಸು ಅವರು ಇಂದಿರಾ ಅವರಿಂದ ದೂರವಾದರು. 1980ರ ಲೋಕಸಭಾ ಚುನಾವಣೆಯ ವೇಳೆಗೆ ಪಾಟೀಲರು ಇಂದಿರಾ ಅವರ ಕಾಂಗ್ರೆಸ್ಸಿಗೆ ಮರಳಿದ್ದರು. ಒಡಕಿನಲ್ಲಿ ಆಕೆಯ ಜೊತೆ ನಿಂತವರು ಹೊರಗೆ, ಆಕೆಯ ಎದುರು ನಿಂತವರು ಒಳಗೆ. ಪಾಟೀಲರು ಬಾಗಲಕೋಟೆಯಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರ ಸಂಪುಟ ಸೇರಿದರು. 1984ರಲ್ಲಿ ಗುಲ್ಬರ್ಗಾದಿಂದ ಗೆದ್ದರು. ಪೆಟ್ರೋಲಿಯಂ, ರಸಾಯನ, ಕಾರ್ಮಿಕ ಮುಂತಾದ ಖಾತೆಗಳನ್ನು ವಿವಿಧ ಅವಧಿಗಳಲ್ಲಿ ನಿರ್ವಹಿಸಿದರು. ಹೆಗಡೆಯವರು ಜನತಾ ಪಕ್ಷದಲ್ಲಿಯೇ ಉಳಿದು 1983ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಲವ ಕುಶರ ದಾರಿಗಳು ಬೇರೆಯಾದವು.

ಪಾಟೀಲರ ಈ ನಿರ್ಧಾರವನ್ನು ಹೇಗೆ ಅರ್ಥೈಸಬೇಕು? ಹತ್ತು ವರ್ಷ ಎದುರಿಸಿದ ನಾಯಕತ್ವವನ್ನೇ ಒಪ್ಪಿಕೊಂಡರಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಒಡೆದ ಮನೆಗೆ ಹಿಂದಿರುಗಿದರೆಂದು ಸಮರ್ಥಿಸುವವರೂ ಇದ್ದಾರೆ. ನಮಗೆ ತೋರುವುದಿಷ್ಟು. 1969ರಲ್ಲಿ ಅಧಿಕಾರ ಕೈಯಲ್ಲಿದ್ದಾಗ ಅವರು ಗುರುವನ್ನು ಬಿಟ್ಟುಹೋಗಲಿಲ್ಲ. 1972ರಲ್ಲಿ ಎಲ್ಲವೂ ಕೈತಪ್ಪಿದ ಮೇಲೂ ಬಿಡಲಿಲ್ಲ. ಜನತಾ ಪಕ್ಷವು ತಾನೇ ಒಳಜಗಳದಿಂದ ಒಡೆದು ಚೂರಾದ ಮೇಲೆ ಅವರು ಮರಳಿದರು. ನಿಷ್ಠೆಗೂ ಒಂದು ಕಾಲಮಿತಿ ಇರಬಹುದೇ ಎಂಬ ಪ್ರಶ್ನೆಗೆ ಓದುಗರು ತಮ್ಮ ತಮ್ಮ ಉತ್ತರ ಕಂಡುಕೊಳ್ಳಬಹುದು.

1989ರಲ್ಲಿ ಅವರ ಜೀವನದ ಅತಿ ದೊಡ್ಡ ಗೆಲುವು ಬಂದಿತು. ಜನತಾ ಪರಿವಾರದ ಜಗಳಗಳಿಂದ ಬೇಸತ್ತ ರಾಜ್ಯದಲ್ಲಿ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನಗಳನ್ನು ಗೆದ್ದಿತು. ಉತ್ತರ ಭಾರತದಲ್ಲಿ ಪಕ್ಷವು ನೆಲಕಚ್ಚಿ ರಾಜೀವ್ ಗಾಂಧಿಯವರು ಅಧಿಕಾರ ಕಳೆದುಕೊಂಡ ವರ್ಷವದು. ಚಿಂಚೋಳಿಯ ಶಾಸಕರಾಗಿ ಪಾಟೀಲರು ನವೆಂಬರ್ 30ರಂದು ಮತ್ತೆ ಮುಖ್ಯಮಂತ್ರಿಯಾದರು. ಮೊದಲ ಬಾರಿ ಇಳಿದದ್ದಕ್ಕೂ ಎರಡನೆಯ ಬಾರಿ ಏರಿದ್ದಕ್ಕೂ ನಡುವೆ 18 ವರ್ಷ 8 ತಿಂಗಳ ಅಂತರ. ಅವರು ಮಾತು ಕಡಿಮೆ, ಶಿಸ್ತು ಹೆಚ್ಚು ಎಂಬ ಹೆಸರು ಪಡೆದಿದ್ದರು. ಅಬಕಾರಿ ವರಮಾನದ ಸೋರಿಕೆ ತಡೆಯಲು ಮದ್ಯದ ಗುತ್ತಿಗೆದಾರರ ಮೇಲೆ ಬಿಗಿ ಹಿಡಿತ ತಂದದ್ದು ಆ ಅವಧಿಯ ಮುಖ್ಯ ಕ್ರಮ. ಪ್ರಬಲರ ವಿರೋಧವೂ ಅದರಿಂದಲೇ ಬೆಳೆಯಿತೆಂದು ಬಲ್ಲವರು ಹೇಳುತ್ತಾರೆ.

1990ರ ಸೆಪ್ಟೆಂಬರಿನಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಅವರು ಹಾಸಿಗೆಯಲ್ಲಿದ್ದಾಗಲೇ ದಾವಣಗೆರೆ, ರಾಮನಗರ, ಚನ್ನಪಟ್ಟಣಗಳಲ್ಲಿ ಕೋಮು ಗಲಭೆಗಳಾದವು. ರಾಜೀವ್ ಗಾಂಧಿಯವರು ರಾಜ್ಯಕ್ಕೆ ಭೇಟಿ ನೀಡಿ, ಹಿಂದಿರುಗುವಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾವಣೆಯನ್ನು ಪತ್ರಕರ್ತರ ಮುಂದೆ ಪ್ರಕಟಿಸಿದರು. 178 ಶಾಸಕರನ್ನು ಗೆಲ್ಲಿಸಿದ ನಾಯಕನಿಗೆ ಶಾಸಕಾಂಗ ಪಕ್ಷದ ಸಭೆಯಲ್ಲಿ ಮಾತನಾಡುವ ಅವಕಾಶವೂ ದೊರೆಯದೆ ಅಧಿಕಾರ ಹೋಯಿತು. ಕೆಲವು ದಿನಗಳ ರಾಷ್ಟ್ರಪತಿ ಆಳ್ವಿಕೆಯ ನಂತರ ಅಕ್ಟೋಬರ್ 17ರಂದು ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾದರು. ಪಕ್ಷದ ತೀರ್ಮಾನಗಳು ಪಕ್ಷದ ಸಭೆಗಳಲ್ಲಿ ಆಗಬೇಕೆಂಬುದು 1969ರಲ್ಲಿ ಸಂಸ್ಥಾ ಕಾಂಗ್ರೆಸ್ಸಿನವರು ಎತ್ತಿದ ಮುಖ್ಯ ವಾದವಾಗಿತ್ತು. ಯುದ್ಧವಿಜಯದ ಜಯಘೋಷದಲ್ಲಿ 1972ರ ಮತದಾರರಿಗೆ ಕೇಳಿಸದಿದ್ದ ಆ ವಾದದ ತೂಕವು 1990ರಲ್ಲಿ ಎಲ್ಲರಿಗೂ ತಿಳಿಯಿತು.

ಅದರ ಪರಿಣಾಮವೂ ಸಣ್ಣದಾಗಿರಲಿಲ್ಲ. ಉತ್ತರ ಕರ್ನಾಟಕದಲ್ಲಿ, ವಿಶೇಷವಾಗಿ ಪಾಟೀಲರು ಹುಟ್ಟಿದ ಲಿಂಗಾಯತ ಸಮುದಾಯದಲ್ಲಿ, ಕಾಂಗ್ರೆಸ್ಸಿನ ಬಗ್ಗೆ ಬೇಸರ ಬೆಳೆಯಿತು. 1994ರ ಚುನಾವಣೆಯಲ್ಲಿ ಪಕ್ಷವು 34 ಸ್ಥಾನಗಳಿಗೆ ಇಳಿಯಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ರಾಜ್ಯದ ರಾಜಕೀಯ ಚರ್ಚೆಗಳಲ್ಲಿ ಇಂದಿಗೂ ಆ ವಿಮಾನ ನಿಲ್ದಾಣದ ಪ್ರಸಂಗ ಬಾರದೆ ಇರುವುದಿಲ್ಲ.

ವೀರೇಂದ್ರ ಪಾಟೀಲರು 1997ರ ಮಾರ್ಚ್ 14ರಂದು ನಿಧನರಾದರು. ಆಗ ದೇಶದ ಪ್ರಧಾನಿಯಾಗಿದ್ದವರು 1972ರಲ್ಲಿ ಅವರದೇ ಪಕ್ಷದಿಂದ ಗೆದ್ದ 24 ಮಂದಿಯಲ್ಲಿ ಒಬ್ಬರಾದ ದೇವೇಗೌಡರು. ಅದೇ ಚುನಾವಣೆಯಲ್ಲಿ ಎದುರು ಪಕ್ಷದಿಂದ ಗೆದ್ದ ಧರ್ಮಸಿಂಗ್ ಅವರು 2004ರಲ್ಲಿ ಮುಖ್ಯಮಂತ್ರಿಯಾಗಿ ಹೈದರಾಬಾದ್ ಕರ್ನಾಟಕದ ಎರಡನೆಯ ಮುಖ್ಯಮಂತ್ರಿಯೆನಿಸಿದರು. ಖರ್ಗೆಯವರು 2022ರಲ್ಲಿ, ಒಂದು ಕಾಲದಲ್ಲಿ ನಿಜಲಿಂಗಪ್ಪನವರು ಅಲಂಕರಿಸಿದ್ದ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷ ಪದವಿಗೆ ಆಯ್ಕೆಯಾದರು. ಯುದ್ಧದ ನೆರಳಿನಲ್ಲಿ ನಡೆದ ಆ ಒಂದು ಚುನಾವಣೆಯ ಅಭ್ಯರ್ಥಿಗಳು ಅರ್ಧ ಶತಮಾನದ ರಾಜಕೀಯವನ್ನು ರೂಪಿಸಿದರೆಂದರೆ ಅತಿಶಯವಲ್ಲ.

ನಮ್ಮ ಪ್ರದೇಶಕ್ಕೆ ಪಾಟೀಲರಿಂದ ಆದದ್ದೇನು ಎಂಬ ಪ್ರಶ್ನೆಯನ್ನು ನಮ್ಮ ಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಎರಡು ಬಾರಿ ಮುಖ್ಯಮಂತ್ರಿಯಾದರೂ ಎರಡೂ ಬಾರಿ ಪೂರ್ಣ ಅವಧಿ ಅವರಿಗೆ ಸಿಗಲಿಲ್ಲ. ಒಟ್ಟು ಸೇರಿಸಿದರೂ ನಾಲ್ಕು ವರ್ಷವಾಗದು. ನೀರಾವರಿ, ಶಿಕ್ಷಣ, ಉದ್ಯೋಗಗಳಲ್ಲಿ ನಮ್ಮ ಜಿಲ್ಲೆಗಳು ಹಿಂದೆಯೇ ಉಳಿದವು. ಸಂವಿಧಾನದ 371ಜೆ ವಿಧಿಯ ಮೂಲಕ ವಿಶೇಷ ಸ್ಥಾನಮಾನ ಬರಲು 2012ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ಅದೇ ಚಿಂಚೋಳಿಯ ವೈಜನಾಥ ಪಾಟೀಲರು ಪ್ರಮುಖರು. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ವೀರೇಂದ್ರ ಪಾಟೀಲರು ಅಧಿಕಾರದಲ್ಲಿದ್ದಾಗ ಇನ್ನೂ ಹೆಚ್ಚು ಮಾಡಬಹುದಿತ್ತೆಂಬ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಗಡಿ ಬದಲಾದ ಹನ್ನೆರಡೇ ವರ್ಷಗಳಲ್ಲಿ ನಮ್ಮ ಭಾಗದವರೂ ಇಡೀ ರಾಜ್ಯವನ್ನು ನಡೆಸಬಲ್ಲರೆಂದು ತೋರಿಸಿದವರು ಅವರು. ಆ ಆತ್ಮವಿಶ್ವಾಸದ ಬೆಲೆಯನ್ನು ಅಂಕಿಗಳಲ್ಲಿ ಅಳೆಯಲಾಗದು.

ಗೆದ್ದವರ ಚರಿತ್ರೆಯನ್ನು ಬರೆಯಲು ಬಹಳ ಮಂದಿ ಇರುತ್ತಾರೆ. ದೇವರಾಜ ಅರಸು ಅವರ ಸಾಧನೆಗಳ ಬಗ್ಗೆ ಪುಸ್ತಕಗಳೇ ಬಂದಿವೆ, ಅದು ಯೋಗ್ಯವೂ ಹೌದು. ಸೋತ ಪಕ್ಷದಲ್ಲಿ ನಿಂತು, ಸೋಲನ್ನು ಅನುಭವಿಸಿ, ಮತ್ತೆ ಎದ್ದು, ಮತ್ತೆ ಬಿದ್ದ ವೀರೇಂದ್ರ ಪಾಟೀಲರ ಬದುಕನ್ನೂ ನಮ್ಮ ಮಕ್ಕಳು ಓದಬೇಕು. ರಜೆಗೆ ಕಲಬುರಗಿಯ ಕಡೆಗೆ ಹೋಗುವ ಕುಟುಂಬಗಳು ತಾಂಡೂರು ದಾಟಿ ಚಿಂಚೋಳಿಯ ದಾರಿಯಲ್ಲಿ ಸಾಗುವಾಗ, ಈ ಊರಿನ ಹುಡುಗನೊಬ್ಬ ಓದಲೆಂದು ಹೈದರಾಬಾದಿಗೆ ಬಂದು ನಾಡಿನ ಮುಖ್ಯಮಂತ್ರಿಯಾದ ಸಂಗತಿಯನ್ನು ಮಕ್ಕಳಿಗೆ ತಿಳಿಸಿದರೆ ನಮ್ಮ ಈ ಬರಹ ಸಾರ್ಥಕವಾಗುತ್ತದೆ.